ಕಡಲಿಗಿಂತ ಹಳೆಯ ದಡ

1962ರ ನವೆಂಬರ್ ತಿಂಗಳು. ಗೋವಾ ಪೋರ್ಚುಗೀಸರ ಹಿಡಿತದಿಂದ ಬಿಡುಗಡೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಗೋವಾದ ದಡದಿಂದ ನೈಋತ್ಯಕ್ಕೆ ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆ, ನಡುಗಡಲಿನಲ್ಲಿ, ಬ್ರಿಟಿಷ್ ನೌಕಾಪಡೆಯ ಸರ್ವೆ ಹಡಗೊಂದು ಉಳುವ ಎತ್ತು ಸಾಲು ಮುಗಿಸಿ ತಿರುಗುವ ಹಾಗೆ ಅತ್ತಿಂದಿತ್ತ ಸಾಗುತ್ತಿತ್ತು. ಹಡಗಿನ ಹೆಸರು ಎಚ್‌ಎಂಎಸ್ ಓವೆನ್. ಅದರ ಹಿಂದೆ ಉದ್ದನೆಯ ಕೇಬಲ್ಲಿನ ತುದಿಗೆ ಕಟ್ಟಿದ ಮ್ಯಾಗ್ನೆಟೋಮೀಟರ್ ನೀರಿನಲ್ಲಿ ತೇಲಿಬರುತ್ತಿತ್ತು. ಕೆಳಗೆ, ಎರಡು ಮೂರು ಕಿಲೋಮೀಟರ್ ನೀರಿನಡಿ, ಕಾರ್ಲ್ಸ್‌ಬರ್ಗ್ ಏಣು ಎಂಬ ಬೆಟ್ಟಸಾಲು. ಅದರ ಮೇಲಿನ ಕಾಂತಬಲ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆದು ಬರೆದುಕೊಳ್ಳುವುದು ಹಡಗಿನಲ್ಲಿದ್ದ ಕೇಂಬ್ರಿಜ್‌ನ ಭೂವಿಜ್ಞಾನಿ ಡ್ರಮಂಡ್ ಮ್ಯಾಥ್ಯೂಸ್ ಅವರ ಕೆಲಸ.

ಆ ಅಂಕಿಗಳು ಕೇಂಬ್ರಿಜ್ ತಲುಪಿದ ಮೇಲೆ ಹೊರಬಂದ ವಿಚಾರ ಭೂವಿಜ್ಞಾನವನ್ನೇ ಬುಡಮೇಲು ಮಾಡಿತು. ಖಂಡಗಳು ಚಲಿಸುತ್ತವೆ ಎನ್ನುವುದಕ್ಕೆ ಸಿಕ್ಕ ದೊಡ್ಡ ಸಾಕ್ಷ್ಯ ಅಟ್ಲಾಂಟಿಕ್ಕಿನದು, ಪೆಸಿಫಿಕ್ಕಿನದು ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಆದರೆ ಅದನ್ನು ಓದುವ ಕೀಲಿಕೈ ಮೊದಲು ಸಿಕ್ಕಿದ್ದು ನಮ್ಮ ಕಡಲಿನಲ್ಲಿ. ಕರಾವಳಿಯ ಮಕ್ಕಳಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡುವುದಿಲ್ಲ ಎನ್ನುವ ನೋವು ನನಗೆ ಬಹಳ ಕಾಲದಿಂದ ಇದೆ.

ಕಥೆ ಶುರುವಾಗುವುದು ಇನ್ನೂ ಹಿಂದೆ. 1856ರಲ್ಲಿ ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಪ್ರದೇಶದಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫೋರ್ಡ್ ಸೋದರರು ಒಂದು ವಿಚಿತ್ರ ಪದರ ಕಂಡರು. ನುಣುಪು ಜೇಡಿಯ ನಡುವೆ ಸಣ್ಣ ದೊಡ್ಡ ಗುಂಡುಕಲ್ಲುಗಳು ಹೂತಿದ್ದವು. ಅಂಥ ಕಲ್ಲುಗಳನ್ನು ಹೊತ್ತು ತರಬಲ್ಲದ್ದು ಹಿಮ ಮಾತ್ರ ಎಂದರು. ಮುಂದೆ ಪೆನ್‌ಗಂಗಾ ದಡದ ಇರಾಯಿಯಲ್ಲಿ ಹಿಮನದಿ ಉಜ್ಜಿಹೋದ ಗೀರುಗಳಿರುವ ಬಂಡೆಯೇ ಸಿಕ್ಕಿತು. ಬೇಸಿಗೆಯಲ್ಲಿ ಹೆಂಚಿನಂತೆ ಕಾಯುವ ವಿದರ್ಭದ ನೆಲದಲ್ಲಿ ಹಿಮನದಿಯ ಗುರುತು! ಅದೇ ಗುರುತು ದಕ್ಷಿಣ ಆಫ್ರಿಕದಲ್ಲಿ, ಆಸ್ಟ್ರೇಲಿಯದಲ್ಲಿ, ದಕ್ಷಿಣ ಅಮೆರಿಕದಲ್ಲಿಯೂ ಇತ್ತು. ಮೇಲಿನ ಪದರಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಒಂದೇ ಗಿಡದ ಎಲೆಯಚ್ಚು ಎಲ್ಲ ಕಡೆಯೂ ಸಿಕ್ಕಿತು. ಗೊಂಡರ ನಾಡಿನ ಹೆಸರು ಹಿಡಿದು ಈ ಶಿಲೆಗಳನ್ನು ಭೂವಿಜ್ಞಾನಿ ಮೆಡ್ಲಿಕಾಟ್ 1872ರಲ್ಲಿ ಗೊಂಡ್ವಾನ ಎಂದು ಕರೆದರು. ವಿಯೆನ್ನಾದ ಎಡ್ವರ್ಡ್ ಸ್ಯೂಸ್ 1885ರಲ್ಲಿ ಅದೇ ಹೆಸರನ್ನು ಇಡೀ ದಕ್ಷಿಣದ ಹಳೆಯ ಭೂಭಾಗಕ್ಕೆ ಕೊಟ್ಟರು. ಭಾರತದ ಒಂದು ಬುಡಕಟ್ಟಿನ ಹೆಸರು ಹೀಗೆ ಜಗತ್ತಿನ ಪಠ್ಯಪುಸ್ತಕಗಳಿಗೆ ಹೋಯಿತು.

ಸ್ಯೂಸ್ ಪ್ರಕಾರ ಖಂಡಗಳು ಇದ್ದಲ್ಲೇ ಇದ್ದವು, ಅವುಗಳ ನಡುವಿನ ನೆಲ ಮುಳುಗಿಹೋಗಿತ್ತು. ಜರ್ಮನಿಯ ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೇಗೆನರ್ 1912ರ ಜನವರಿ 6ರಂದು ಫ್ರಾಂಕ್‌ಫರ್ಟಿನಲ್ಲಿ ನಿಂತು, ಮುಳುಗಿದ್ದಲ್ಲ, ಸರಿದದ್ದು ಎಂದರು. 1915ರಲ್ಲಿ ಪುಸ್ತಕ ಬರೆದರು. ಭೂವಿಜ್ಞಾನಿಗಳು ಒಪ್ಪಲಿಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು: ಇಷ್ಟು ದೊಡ್ಡ ನೆಲವನ್ನು ಎಳೆದುಕೊಂಡು ಹೋಗುವ ಬಲ ಯಾವುದು? ವೇಗೆನರ್ ಕೊಟ್ಟ ಉತ್ತರ ಲೆಕ್ಕಕ್ಕೆ ನಿಲ್ಲಲಿಲ್ಲ. ಭೂಮಿಯ ಒಡಲಿನ ಬಿಸಿಯೇ ನಿಧಾನವಾಗಿ ಕುದಿದು ಹರಿದು ಖಂಡಗಳನ್ನು ಒಯ್ಯುತ್ತಿರಬಹುದು ಎಂದು ಬ್ರಿಟನ್ನಿನ ಭೂವಿಜ್ಞಾನಿ ಆರ್ಥರ್ ಹೋಮ್ಸ್ 1920ರ ದಶಕದ ಕೊನೆಗೆ ಸೂಚಿಸಿದರೂ ಕೇಳಿದವರು ಕಡಿಮೆ. ನಮ್ಮಲ್ಲಿ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿಯವರು 1936ರಲ್ಲಿ ಸಸ್ಯಗಳ ಪಳೆಯುಳಿಕೆ ಮುಂದಿಟ್ಟುಕೊಂಡು ವೇಗೆನರ್ ವಾದವನ್ನು ಗಂಭೀರವಾಗಿ ಪರಿಶೀಲಿಸಿದ್ದರು. ಅಷ್ಟರೊಳಗೆ ವೇಗೆನರ್ ಇರಲಿಲ್ಲ. 1930ರ ನವೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ಅವರ ಪ್ರಾಣ ಹೋಗಿತ್ತು.

ನೆಲದ ಮೇಲಿನ ಸಾಕ್ಷ್ಯ ಎಷ್ಟು ಕೂಡಿಸಿದರೂ ವಾದ ಮುಗಿಯಲಿಲ್ಲ. ಉತ್ತರ ಇದ್ದದ್ದು ಯಾರೂ ನೋಡದ ಕಡಲತಳದಲ್ಲಿ.

1928ರಿಂದ 1930ರವರೆಗೆ ಡೆನ್ಮಾರ್ಕಿನ ಡಾನಾ ಹಡಗು ಭೂಮಿ ಸುತ್ತಿದಾಗ ಅರಬ್ಬಿ ಸಮುದ್ರದ ತೆಂಕಣ ಭಾಗದಲ್ಲಿ ಬೆಟ್ಟಸಾಲೊಂದು ಇರುವುದು ಗೊತ್ತಾಯಿತು. ಯಾತ್ರೆಗೆ ಹಣ ಕೊಟ್ಟ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ಹೆಸರೇ ಅದಕ್ಕೆ ಬಂತು. 1933ರ ಸೆಪ್ಟೆಂಬರಿನಲ್ಲಿ ಮಬಾಹಿಸ್ ಎಂಬ ಈಜಿಪ್ಟಿನ ಹಡಗು ಅಲೆಕ್ಸಾಂಡ್ರಿಯದಿಂದ ಹೊರಟು ಇಲ್ಲಿಗೆ ಬಂತು. ನಾಯಕ ಸೇಮೂರ್ ಸೆವೆಲ್, ಅದಕ್ಕೆ ಮೊದಲು ಕೊಲ್ಕತ್ತದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದವರು. ಹಡಗಿನಿಂದ ಶಬ್ದ ಕಳುಹಿಸಿ, ಮಾರ್ದನಿ ಬರುವ ಹೊತ್ತನ್ನು ಅಳೆದು ಆಳ ಲೆಕ್ಕ ಹಾಕುತ್ತಿದ್ದರು. ಬೆಟ್ಟಸಾಲಿನ ನೆತ್ತಿಯಲ್ಲಿ ಅವರಿಗೆ ಆಳವಾದ ಕಣಿವೆ ಕಂಡಿತು. ಪೂರ್ವ ಆಫ್ರಿಕದ ಬಿರುಕು ಕಣಿವೆಯನ್ನು ಇದು ಹೋಲುತ್ತದೆ ಎಂದು ಸೆವೆಲ್ ಮತ್ತು ಜಾನ್ ವೈಸ್‌ಮನ್ 1937ರಲ್ಲಿ ಬರೆದರು. ಬೆಟ್ಟದ ನೆತ್ತಿ ಸೀಳಿದೆ ಎಂದರೆ ಅಲ್ಲಿ ನೆಲ ಎರಡು ಕಡೆಗೆ ಎಳೆಯಲ್ಪಡುತ್ತಿದೆ ಎಂದರ್ಥ. ಆ ಕೊನೆಯ ಹೆಜ್ಜೆಯನ್ನು ಅವರು ಇಡಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಮೇರಿ ಥಾರ್ಪ್ ಅಟ್ಲಾಂಟಿಕ್ ತಳದ ನಕ್ಷೆ ಬಿಡಿಸುವಾಗ ಅಂಥದ್ದೇ ಕಣಿವೆ ಗುರುತಿಸಿದರು. ಅವರ ಮಾತಿಗೆ ಕಿವಿಗೊಡಲು ಕೂಡ ಸಹೋದ್ಯೋಗಿಗಳಿಗೆ ಹೊತ್ತು ಹಿಡಿಯಿತು.

ಇದೇ ವೇಳೆಗೆ ದಖನ್ನಿನ ಕಪ್ಪುಕಲ್ಲು ಇನ್ನೊಂದು ಸಾಕ್ಷಿ ನುಡಿಯಿತು. ಬೆಳಗಾವಿಯಿಂದ ಪಣಜಿಗೆ ಚೋರ್ಲಾ ಘಟ್ಟದ ದಾರಿ ಹಿಡಿದವರಿಗೆ ಈ ಕಲ್ಲು ಗೊತ್ತು. ಗೋವಾದ ಈಶಾನ್ಯ ಮೂಲೆಯಲ್ಲಿ, ಸತ್ತರಿಯ ಸುರ್ಲಾ ಕಡೆ ಅದರ ಕೊನೆಯ ಅಂಚು ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಬಸಾಲ್ಟ್ ಲಾವಾ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ ದಿಕ್ಕಿಗೆ ಮುಖ ಮಾಡಿ ಹಾಗೇ ಗಟ್ಟಿಯಾಗುತ್ತವೆ. ಸಮಭಾಜಕದ ಬಳಿ ಕಾಂತದ ಮುಳ್ಳು ಅಡ್ಡಡ್ಡ ಮಲಗುತ್ತದೆ, ಧ್ರುವದ ಕಡೆ ಹೋದಷ್ಟೂ ನೆಟ್ಟಗಾಗುತ್ತದೆ. ಕಲ್ಲಿನೊಳಗಿನ ಈ ಓರೆಯನ್ನು ಅಳೆದರೆ ಕಲ್ಲು ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. ಕೇಂಬ್ರಿಜ್‌ನ ಸಂಶೋಧನ ವಿದ್ಯಾರ್ಥಿ ಟೆಡ್ ಅರ್ವಿಂಗ್ ದಖನ್ನಿನ ಕಲ್ಲುಗಳನ್ನು ತರಿಸಿಕೊಂಡು ಅಳೆದರು. ಭಾರತ ಆಗ ಸಮಭಾಜಕದ ದಕ್ಷಿಣಕ್ಕೆ, ಬಹಳ ದೂರದಲ್ಲಿ ಇತ್ತು ಎಂದು ಲೆಕ್ಕ ಹೇಳಿತು. 1954ರಲ್ಲಿ ಕೇಂಬ್ರಿಜ್ ಅವರ ಪ್ರಬಂಧಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಅವರು ಆಸ್ಟ್ರೇಲಿಯಕ್ಕೆ ಹೋಗಿ ಕೆಲಸ ಮುಂದುವರಿಸಿದರು. 1956ರಲ್ಲಿ ಲಂಡನ್ನಿನ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ದಖನ್ ಕಲ್ಲುಗಳ ಮೇಲೆ ಬೇರೆಯಾಗಿ ಅಳತೆ ನಡೆಸಿ ಅದೇ ಮಾತು ಹೇಳಿದರು. ವಿಜಾಪುರದ ಕೋಟೆಗೂ ಬೆಳಗಾವಿಯ ಮನೆಗೋಡೆಗೂ ಬಳಸಿದ ಕಲ್ಲಿನ ಬಳಗ ಸಮಭಾಜಕವನ್ನು ದಾಟಿ ಬಂದದ್ದು!

ಈಗ ಓವೆನ್ ಹಡಗಿನ ಅಂಕಿಗಳಿಗೆ ಮರಳೋಣ.

ಮ್ಯಾಥ್ಯೂಸ್ ಅವುಗಳನ್ನು ತಮ್ಮ ವಿದ್ಯಾರ್ಥಿ ಫ್ರೆಡ್ ವೈನ್ ಕೈಗೆ ಕೊಟ್ಟರು. ವೈನ್ 1962ರ ಜನವರಿಯಲ್ಲಿ ಕೇಂಬ್ರಿಜ್‌ಗೆ ಬಂದಿದ್ದ ಅಮೆರಿಕದ ಹ್ಯಾರಿ ಹೆಸ್ ಭಾಷಣ ಕೇಳಿದ್ದವರು. ನಡುಸಾಗರದ ಏಣಿನಲ್ಲಿ ಶಿಲಾಪಾಕ ಮೇಲೆದ್ದು ಹೊಸ ತಳ ಹುಟ್ಟುತ್ತದೆ, ಹುಟ್ಟಿದ ತಳ ಎರಡೂ ಬದಿಗೆ ಸರಿಯುತ್ತದೆ ಎನ್ನುವುದು ಹೆಸ್ ವಿಚಾರ. ಆದರೆ ಅದಕ್ಕೆ ಪುರಾವೆ ಇರಲಿಲ್ಲ. ಹೆಸ್ ಕೂಡ ಅದನ್ನು ಕಲ್ಪನೆ ಎಂದೇ ಕರೆದಿದ್ದರು.

ಕಾರ್ಲ್ಸ್‌ಬರ್ಗ್ ಏಣಿನ ಮೇಲೆ ಓವೆನ್ ಅಳೆದ ಜಾಗದಲ್ಲಿ ಕಡಲತಳದ ಜ್ವಾಲಾಮುಖಿ ಗುಡ್ಡಗಳಿದ್ದವು. ಒಂದೊಂದು ಗುಡ್ಡವೂ ಮೇಲಿನ ಕಾಂತಬಲವನ್ನು ಎಷ್ಟು ಏರುಪೇರು ಮಾಡಬೇಕು ಎಂದು ವೈನ್ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದರು. ಆ ಕಾಲಕ್ಕೆ ಅದು ಹೊಸ ವಿಧಾನ. ಒಂದು ಗುಡ್ಡ ಇವತ್ತಿನ ಭೂಕಾಂತದ ದಿಕ್ಕಿನಲ್ಲೇ ಕಾಂತತ್ವ ಪಡೆದಿತ್ತು, ಪಕ್ಕದ್ದು ನೇರ ತಿರುಗುಮುರುಗಾಗಿತ್ತು. ಒಂದೇ ಬೆಟ್ಟಸಾಲಿನ ಎರಡು ಗುಡ್ಡ ಹೀಗೆ ವಿರುದ್ಧ ದಿಕ್ಕು ತೋರಿಸಬೇಕಾದರೆ ಅವು ಹುಟ್ಟಿದ ಕಾಲವೇ ಬೇರೆ ಇರಬೇಕು. ಭೂಮಿಯ ಉತ್ತರ ದಕ್ಷಿಣ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ ಎನ್ನುವುದು ಆ ವೇಳೆಗೆ ಬೆಳಕಿಗೆ ಬರುತ್ತಿತ್ತು. ವೈನ್ ಎರಡನ್ನೂ ಜೋಡಿಸಿದರು. ಏಣಿನ ಬಾಯಿಯಲ್ಲಿ ಹೊಸ ಬಸಾಲ್ಟ್ ಗಟ್ಟಿಯಾಗುವಾಗ ಆಗಿನ ಕಾಂತದ ಮುದ್ರೆ ಬೀಳುತ್ತದೆ. ಅದು ಸೀಳಿ ಎರಡು ಬದಿಗೂ ಸರಿಯುತ್ತದೆ. ಕಾಂತ ತಿರುಗಿದ ಮೇಲೆ ಹುಟ್ಟುವ ತಳಕ್ಕೆ ಬೀಳುವುದು ತಿರುಗಿದ ಮುದ್ರೆ. ಹೀಗೆ ಏಣಿನ ಎರಡೂ ಕಡೆ ಸರಿಸಮನಾದ ಪಟ್ಟೆಗಳು, ಕಂಬಳಿಯ ಕರಿ ಬಿಳಿ ಪಟ್ಟಿಯಂತೆ. ಪಟ್ಟೆಯ ಅಗಲ ಅಳೆದರೆ ತಳ ಸರಿದ ವೇಗ ಸಿಗುತ್ತದೆ.

1963ರ ಸೆಪ್ಟೆಂಬರ್ 7ರ ನೇಚರ್ ಪತ್ರಿಕೆಯಲ್ಲಿ ಮೂರು ಪುಟದ ಲೇಖನ ಬಂತು. ಅದೇ ವಿಚಾರವನ್ನು ಕೆನಡಾದ ಲಾರೆನ್ಸ್ ಮಾರ್ಲಿ ತಾವೇ ಯೋಚಿಸಿ ಅದೇ ವರ್ಷ ಎರಡು ಪತ್ರಿಕೆಗಳಿಗೆ ಕಳುಹಿಸಿದ್ದರು, ಎರಡೂ ಹಿಂದಿರುಗಿಸಿದ್ದವು. ವೈನ್ ಮತ್ತು ಮ್ಯಾಥ್ಯೂಸ್ ಲೇಖನ ಅಚ್ಚಾದರೂ ಮೂರು ವರ್ಷ ಅದನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಂತ ಯಾವಾಗ ಯಾವಾಗ ತಿರುಗಿತು ಎನ್ನುವ ಕಾಲಪಟ್ಟಿ ಸರಿಯಾದ ಮೇಲೆ, 1966ರಲ್ಲಿ, ದಕ್ಷಿಣ ಪೆಸಿಫಿಕ್ಕಿನಲ್ಲಿ ಎಲ್ಟಾನಿನ್ ಹಡಗು ತಂದ ಕಾಂತಬಲದ ದಾಖಲೆ ಕನ್ನಡಿಯಲ್ಲಿ ಕಂಡಂತೆ ಎರಡೂ ಬದಿಗೆ ಒಂದೇ ಆಗಿತ್ತು. ವಿರೋಧಿಗಳು ಮೌನವಾದರು. 1967 ಮತ್ತು 1968ರಲ್ಲಿ ಡಾನ್ ಮೆಕೆಂಜಿ, ಜೇಸನ್ ಮಾರ್ಗನ್, ಕ್ಸೇವಿಯರ್ ಲ ಪಿಶೋ ಇದನ್ನೆಲ್ಲ ಕೂಡಿಸಿ ಭೂಫಲಕಗಳ ಸಿದ್ಧಾಂತವಾಗಿ ಕಟ್ಟಿದರು. 1971ರಲ್ಲಿ ಮೆಕೆಂಜಿ ಮತ್ತು ಜಾನ್ ಸ್ಕ್ಲೇಟರ್ ಹಿಂದೂ ಮಹಾಸಾಗರದ ಪಟ್ಟೆಗಳನ್ನು ಓದಿ ಭಾರತದ ಉತ್ತರದ ಪ್ರಯಾಣವನ್ನು ಹಂತಹಂತವಾಗಿ ಬರೆದರು. ಒಂದು ಹಂತದಲ್ಲಿ ಭಾರತ ವರ್ಷಕ್ಕೆ 15 ಸೆಂಟಿಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಿದೆ. ಖಂಡಗಳ ಲೆಕ್ಕದಲ್ಲಿ ಅದು ನಾಗಾಲೋಟ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಕಿದ ಮೇಲೆ ವೇಗ ಕುಸಿಯಿತು, ಹಿಮಾಲಯ ಎದ್ದಿತು.

ಓವೆನ್ ಹಡಗಿನ ಯಾನ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಒಂದು ಭಾಗ. 1959ರಿಂದ 1965ರವರೆಗೆ ಹತ್ತಾರು ದೇಶಗಳ ಹಡಗುಗಳು ಇದರಲ್ಲಿ ಕೂಡಿದ್ದವು. ನಮ್ಮ ನೌಕಾಪಡೆಯ ಐಎನ್‌ಎಸ್ ಕಿಸ್ತ್ನಾ ಕೂಡ ಇತ್ತು. ಭಾರತದ ಪಾಲಿನ ಕೆಲಸ ನಡೆಸಿದವರು ಎನ್. ಕೆ. ಪಣಿಕ್ಕರ್. ಅನ್ವೇಷಣೆ ಮುಗಿದರೂ ಕಡಲ ಅಧ್ಯಯನ ನಿಲ್ಲಬಾರದೆಂದು 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಪಣಿಕ್ಕರರೇ ಮೊದಲ ನಿರ್ದೇಶಕರು. ದೆಹಲಿಯಲ್ಲಿ ಶುರುವಾದ ಸಂಸ್ಥೆ ಕೆಲವೇ ವರ್ಷಗಳಲ್ಲಿ ಗೋವಾಕ್ಕೆ ಬಂದು ಡೋನಾ ಪಾವ್ಲಾದ ಗುಡ್ಡದ ಮೇಲೆ ನೆಲೆ ನಿಂತಿತು. ಖಂಡಗಳ ಚಲನೆಗೆ ಸಾಕ್ಷ್ಯ ತಂದುಕೊಟ್ಟ ಅನ್ವೇಷಣೆಯ ಕೂಸೇ ಈ ಸಂಸ್ಥೆ.

ಮೊದಲ ದಿನಗಳಲ್ಲಿ ಸಂಸ್ಥೆಗೆ ಸ್ವಂತ ಹಡಗು ಇರಲಿಲ್ಲ. 1976ರಲ್ಲಿ ಗವೇಷಣಿ ಬಂತು, 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಸಾಗರ ಕನ್ಯಾ. ಆ ಹಡಗುಗಳ ಮೇಲೆ ಗೋವಾದ ವಿಜ್ಞಾನಿಗಳು ಕೈಹಾಕಿದ ಪ್ರಶ್ನೆ ನಮ್ಮ ಬಾಗಿಲಿನದೇ. ಪಶ್ಚಿಮ ಕರಾವಳಿಯ ಎದುರು, ಆಳಕಡಲಿನಲ್ಲಿ, ಲಕ್ಷ್ಮಿ ಏಣು ಎಂಬ ಮುಳುಗಿದ ದಿಣ್ಣೆ ಇದೆ, ಭಾರತದಿಂದ ಕಿತ್ತುಹೋದ ನೆಲದ ಚೂರು. ಅದಕ್ಕೂ ನಮ್ಮ ದಡಕ್ಕೂ ನಡುವೆ ಲಕ್ಷ್ಮಿ ಕೊಳ್ಳ. ಅದರ ತಳ ಎಳೆದು ತೆಳುವಾದ ಹಳೆಯ ಖಂಡವೋ, ಹೊಸದಾಗಿ ಹುಟ್ಟಿದ ಕಡಲತಳವೋ? ಜಿ. ಸಿ. ಭಟ್ಟಾಚಾರ್ಯ, ಎ. ಕೆ. ಚೌಬೆ ಮತ್ತು ಸಂಗಡಿಗರು 1994ರಲ್ಲಿ ಅಲ್ಲಿಯೂ ಕಾಂತಪಟ್ಟೆಗಳನ್ನು ಗುರುತಿಸಿ, ಕಡಲತಳ ಹಿಗ್ಗಿದ ಗುರುತು ಇದು ಎಂದರು. ಓವೆನ್ ಹಡಗು ದೂರದಲ್ಲಿ ಮಾಡಿದ ಓದನ್ನು ಅವರು ಮನೆಯಂಗಳದಲ್ಲಿ ಮಾಡಿದರು. ಆ ಕೊಳ್ಳದ ನಡುವೆ ಸಾಲಾಗಿ ನಿಂತ ಮೂರು ಕಡಲಬೆಟ್ಟಗಳಿಗೆ ಈಗ ರಾಮನ್, ಪಣಿಕ್ಕರ್, ವಾಡಿಯಾ ಎಂಬ ಹೆಸರು. ಪಣಿಕ್ಕರರ ಹೆಸರು ಅಲ್ಲಿಗೆ ತಲುಪಿದ್ದು ನನಗೆ ಬಹಳ ಒಪ್ಪಿಗೆಯಾದ ಸಂಗತಿ.

2015ರಲ್ಲಿ ಜಾಯ್ಡಿಸ್ ರೆಸೊಲ್ಯೂಷನ್ ಎಂಬ ಕೊರೆಯುವ ಹಡಗು ಲಕ್ಷ್ಮಿ ಕೊಳ್ಳಕ್ಕೆ ಬಂತು. ವೈಜ್ಞಾನಿಕ ಮುಂದಾಳುಗಳು ಇಬ್ಬರು: ಗೋವಾದ ವಾಸ್ಕೋ ಪಟ್ಟಣದಲ್ಲಿರುವ ಧ್ರುವ ಸಂಶೋಧನ ಕೇಂದ್ರದ ಧನಂಜಯ ಪಾಂಡೆ ಮತ್ತು ಪೀಟರ್ ಕ್ಲಿಫ್ಟ್. ಮೂರೂವರೆ ಕಿಲೋಮೀಟರ್ ನೀರು ದಾಟಿ, ಮತ್ತೆ ಒಂದು ಕಿಲೋಮೀಟರಿಗೂ ಮಿಕ್ಕಿದ ಕೆಸರು ಕೊರೆದ ಮೇಲೆ ಬಸಾಲ್ಟ್ ಕೈಗೆ ಸಿಕ್ಕಿತು. ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎನ್ನುವ ವಾದ ಇನ್ನೂ ಪೂರ್ತಿ ತೀರಿಲ್ಲ. ಇರಲಿ. ಕಲ್ಲು ಕೈಯಲ್ಲಿಟ್ಟುಕೊಂಡು ವಾದಿಸುವ ಕಾಲ ಬಂದಿದೆ, ವೇಗೆನರ್‌ಗೆ ಆ ಭಾಗ್ಯ ಇರಲಿಲ್ಲ.

ಒಂದು ಕಾಲಕ್ಕೆ ಮಡಗಾಸ್ಕರ್ ಭಾರತಕ್ಕೆ ಎಲ್ಲಿ ಅಂಟಿಕೊಂಡಿತ್ತು ಎನ್ನುವ ಪ್ರಶ್ನೆಗೂ ಗೋವಾದಿಂದ ಉತ್ತರ ಹೋಗಿದೆ. 2006ರಲ್ಲಿ ಸಮುದ್ರವಿಜ್ಞಾನ ಸಂಸ್ಥೆಯ ಯತೀಶ್ ಮತ್ತು ಭಟ್ಟಾಚಾರ್ಯ, ಗೋವಾ ವಿಶ್ವವಿದ್ಯಾಲಯದ ಮಹೇಂದರ್ ಜೊತೆ ಸೇರಿ, ತಿರುವನಂತಪುರದ ಎದುರು ಕಡಲಿಳಿಜಾರಿನಲ್ಲಿರುವ ಜಗಲಿಯಂಥ ಭಾಗವನ್ನು ಗಮನಿಸಿದರು. ಅಲ್ಲಿನ ಕಚ್ಚಿಗೆ ಮಡಗಾಸ್ಕರಿನ ಉತ್ತರದ ಉಬ್ಬು ಕೂರುತ್ತದೆ ಎಂದು ತೋರಿಸಿದರು.

ಗೋವಾದ ಜನ ತಮ್ಮ ನೆಲವನ್ನು ಪರಶುರಾಮ ಸೃಷ್ಟಿ ಎನ್ನುತ್ತಾರೆ. ಸಹ್ಯಾದ್ರಿಯ ಮೇಲಿಂದ ಬಿಟ್ಟ ಬಾಣ ಬಿದ್ದ ಊರು ಬಾಣಾವಳಿ, ಸಮುದ್ರ ಅಲ್ಲಿಯವರೆಗೆ ಹಿಂದೆ ಸರಿಯಿತು ಎನ್ನುವುದು ಕಥೆ. ನಮ್ಮ ತುಳುನಾಡಿನಲ್ಲೂ ಅದೇ ನಂಬಿಕೆ. ಘಟ್ಟ ಕಡಿದಾಗಿ ಏಕೆ ಇಳಿಯುತ್ತದೆ, ಅದರ ಕಾಲಬುಡದಲ್ಲಿ ಈ ಕಿರಿದಾದ ನೆಲ ಹೇಗೆ ಬಂತು ಎಂದು ನಮ್ಮ ಹಿರಿಯರೂ ಕೇಳಿಕೊಂಡಿದ್ದರು. ಆ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ. ಭೂವಿಜ್ಞಾನದ ಉತ್ತರದಲ್ಲಿ ಸರಿದದ್ದು ಕಡಲಲ್ಲ, ನೆಲ. ಅನಮೋಡ ಘಟ್ಟದ ನೈಸ್ ಶಿಲೆಗೆ 300 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಅದರೆದುರಿನ ಅರಬ್ಬಿ ಸಮುದ್ರದ ತಳ 10 ಕೋಟಿ ವರ್ಷ ಕೂಡ ದಾಟಿಲ್ಲ. ದಡ ಹಳೆಯದು, ಕಡಲು ಆಮೇಲೆ ಬಂದದ್ದು. ಈ ನೆಲ ಮೊದಲು ಖಂಡವೊಂದರ ಒಳನಾಡಾಗಿತ್ತು.

ಆ ಖಂಡ ಹರಿದ ಗುರುತು ದಡದಲ್ಲಿ ಇನ್ನೂ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 9 ಕೋಟಿ ವರ್ಷಗಳ ಹಿಂದಿನ ಲಾವಾ, ಮಡಗಾಸ್ಕರ್ ಬಿಟ್ಟುಹೋದ ಕಾಲದ್ದು.  ಗೋವಾದ ಹಳೆಯ ಶಿಲೆಗಳ ಬಿರುಕಿಗೆ ನುಗ್ಗಿ ಗೋಡೆಯಂತೆ ನಿಂತ ಕಪ್ಪುಕಲ್ಲಿನ ಡೈಕುಗಳ ವಯಸ್ಸು 6.28 ಕೋಟಿ ವರ್ಷ ಎಂದು 2000ದಲ್ಲಿ ಅಳೆಯಲಾಯಿತು. ಸೀಶೆಲ್ಸ್ ನಮ್ಮನ್ನು ಬಿಟ್ಟುಹೋದ ಕಾಲ ಅದು. ಸೀಶೆಲ್ಸಿನ ಗ್ರಾನೈಟ್ ಗುಡ್ಡಗಳು ನಡುಗಡಲಿನಲ್ಲಿ ಇರುವುದು ಅದಕ್ಕೇ. 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೋಸ್ಯೂಟ್ ಕೇರಳದ ಸಹ್ಯಾದ್ರಿಯಲ್ಲಿ ಕಂಡ ನೇರಳೆ ಕಪ್ಪೆಗೆ ಹತ್ತಿರದ ನಂಟರು ಸಿಕ್ಕಿದ್ದು ಆ ಸೀಶೆಲ್ಸಿನಲ್ಲಿ. ಉಪ್ಪುನೀರು ದಾಟಲಾರದ ಪ್ರಾಣಿ ಅದು, ನೆಲ ಸೀಳಿದಾಗ ನಂಟರು ಕಡಲಿನ ಎರಡು ಬದಿಗಾದರು.

ಹಳೆಯ ನಂಟಿನ ಇನ್ನೊಂದು ಕೊನೆ ಅಂಟಾರ್ಕ್ಟಿಕದಲ್ಲಿದೆ. 1981ರ ಡಿಸೆಂಬರ್ 6ರಂದು ಭಾರತದ ಮೊದಲ ಅಂಟಾರ್ಕ್ಟಿಕ ತಂಡದ 21 ಜನ ಪೋಲಾರ್ ಸರ್ಕಲ್ ಹಡಗಿನಲ್ಲಿ ಹೊರಟದ್ದು ಗೋವಾದಿಂದಲೇ. ನಾಯಕ ಎಸ್. ಝಡ್. ಖಾಸಿಂ, ಸಮುದ್ರವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. 1982ರ ಜನವರಿ 9ರಂದು ಅವರು ಹಿಮದ ಮೇಲೆ ಕಾಲಿಟ್ಟರು. ಮೂರನೆಯ ನೆಲೆ ‘ಭಾರತಿ’ 2012ರಲ್ಲಿ ಲಾರ್ಸೆಮನ್ ಗುಡ್ಡಗಳಲ್ಲಿ ಎದ್ದಿತು. ಗೊಂಡ್ವಾನ ಒಂದಾಗಿದ್ದಾಗ ಆ ಗುಡ್ಡಗಳು ನಮ್ಮ ಪೂರ್ವ ಕರಾವಳಿಯ ನೆರೆಯಲ್ಲೇ ಇದ್ದವು. ಆ ನೆಲೆಯನ್ನು ನಡೆಸುವ ಕಚೇರಿ ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿದೆ.

ಈಗ ಚಲನೆಯನ್ನು ಊಹಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರ ಭಾರತ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿರುವುದನ್ನು ದಾಖಲಿಸುತ್ತಿದೆ. ಕಾರ್ಲ್ಸ್‌ಬರ್ಗ್ ಏಣಿನಲ್ಲಿ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಹೊಸ ತಳ ಹುಟ್ಟುತ್ತಲೇ ಇದೆ. ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಗೋವಾವನ್ನು ಹಿಡಿದಾಗ ಇದ್ದ ಜಾಗದಿಂದ ಮಾಂಡವಿಯ ದಡ ಇವತ್ತಿಗೆ ಸುಮಾರು 25 ಮೀಟರ್ ದೂರ ಬಂದಿದೆ.